ಹಾಳೆ ಸೇರಿಸುವವನು

ಅಧ್ಯಕ್ಷರ ಕುರ್ಚಿಯಲ್ಲಿರುವ ನಮ್ಮ ಹಿಂದಿನ ಮುಖ್ಯೋಪಾಧ್ಯಾಯಿನಿಯವರೇ, ಈ ವಾರ್ಷಿಕೋತ್ಸವಕ್ಕಾಗಿ ಮೂರು ವಾರ ಓಡಾಡಿ ಗಂಟಲು ಕಟ್ಟಿಸಿಕೊಂಡಿರುವ ಪೋಷಕರ ಸಂಘದ ಕಾರ್ಯದರ್ಶಿಯವರೇ, ಮುಂದಿನ ಸಾಲಿನ ಗಣ್ಯರೇ, ಬೇಕೆನಿಸಿದಾಗ ಸದ್ದಿಲ್ಲದೆ ಎದ್ದುಹೋಗಲು ಬಾಗಿಲಿನ ಪಕ್ಕವೇ ಕೂತಿರುವ ಹಿಂದಿನ ಸಾಲಿನ ಜಾಣರೇ, ಇವರಿಬ್ಬರ ನಡುವೆ ಸಿಕ್ಕಿಕೊಂಡಿರುವ ಸಭಿಕರೇ,

ಮೂವತ್ತೊಂದು ವರ್ಷ ಈ ಶಾಲೆಯ ಗ್ರಂಥಾಲಯದಲ್ಲಿ ಕೂತು ನಾನು ಇತರರಿಗೆ ಹೇಳಿದ ಒಂದೇ ಮಾತೆಂದರೆ ‘ಗಲಾಟೆ ಮಾಡಬೇಡಿ’. ಅಂಥವನ ಕೈಗೆ ಮೈಕು ಕೊಟ್ಟಿದ್ದೀರಿ. ಹತ್ತು ನಿಮಿಷ ಸಾಕು ಎಂದು ಕಾರ್ಯದರ್ಶಿಯವರು ಮೂರು ಸಲ ಹೇಳಿದ್ದಾರೆ. ಹೇಳಬೇಕಾದ್ದನ್ನು ಹಳೆಯ ಕ್ಯಾಟಲಾಗ್ ಕಾರ್ಡುಗಳ ಹಿಂಬದಿಯಲ್ಲಿ ಬರೆದುಕೊಂಡು ಬಂದಿದ್ದೇನೆ. ಒಟ್ಟು ಏಳು ಕಾರ್ಡು. ಏಳನೆಯದನ್ನು ಓದುತ್ತೇನೋ ಇಲ್ಲವೋ ಇನ್ನೂ ತೀರ್ಮಾನಿಸಿಲ್ಲ. ಈ ಸಭೆ ಮುಗಿದ ಮೇಲೆ ನಾನು ಮಗನ ಮನೆಗೆ ಹೋಗಬೇಕು. ಹೋಗಬಹುದೋ ಇಲ್ಲವೋ ಎಂಬುದು ಆ ಏಳನೆಯ ಕಾರ್ಡಿನ ಮೇಲೆ ನಿಂತಿದೆ. ಅದು ಆಮೇಲೆ.

ಇವತ್ತು ನೀವು ನನ್ನನ್ನು ಸನ್ಮಾನಿಸುತ್ತಿರುವುದು ನಾನು ಬರೆದ ‘ಶುಚಿಯಾದ ಮನೆ’ ಎಂಬ ಕಿರುಪುಸ್ತಕಕ್ಕಾಗಿ. ಮಕ್ಕಳ ಮನಸ್ಸನ್ನು ಅಶ್ಲೀಲ ಚಿತ್ರಗಳಿಂದ ಕಾಪಾಡುವುದು ಹೇಗೆ, ಮನೆಯಲ್ಲೇ ಅವರಿಗೆ ಶೀಲ ಕಲಿಸುವುದು ಹೇಗೆ, ಇದು ಅದರ ವಿಷಯ. ನಲವತ್ತೆಂಟು ಪುಟ. ಹನ್ನೆರಡು ವರ್ಷದ ಹಿಂದೆ ಮೊದಲ ಸಲ ಅಚ್ಚಾಯಿತು. ಈಗ ಎರಡನೆಯ ಮುದ್ರಣ ಆ ಮೇಜಿನ ಮೇಲೆ ಕಟ್ಟುಕಟ್ಟಾಗಿ ಕೂತಿದೆ. ನೀವು ಮನೆಗೆ ಹೋಗುವಾಗ ಪ್ರತಿ ಕುಟುಂಬಕ್ಕೂ ಒಂದೊಂದು ಕೊಡುತ್ತಾರಂತೆ.

ಪುಸ್ತಕದ ಮೊದಲ ಅಧ್ಯಾಯದ ಹೆಸರು ‘ಬೆಳಗಿನ ಪತ್ರಿಕೆ’. ಅದರಲ್ಲಿ ಬರೆದಿರುವುದು ನಮ್ಮ ಮನೆಯ ಪದ್ಧತಿ. ನಾನು ಎಲ್ಲರಿಗಿಂತ ಮೊದಲೇ ಎದ್ದು ಪೇಪರನ್ನು ಊಟದ ಮೇಜಿನ ಮೇಲೆ ಹರಡಿ, ಕೆಳಗೆ ರಟ್ಟು ಇಟ್ಟು, ಉಕ್ಕಿನ ಅಳತೆಪಟ್ಟಿ ಮತ್ತು ಹೊಸ ಬ್ಲೇಡು ಹಿಡಿದು, ಮಗ ನೋಡಬಾರದ ಚಿತ್ರಗಳನ್ನು ಕತ್ತರಿಸಿ ತೆಗೆಯುತ್ತಿದ್ದೆ. ಸಿನಿಮಾ ಜಾಹೀರಾತು, ಸಾಬೂನಿನ ಜಾಹೀರಾತು, ಕೆಲವು ಸಲ ಕ್ರೀಡಾಪುಟ. ಅವನು ಎದ್ದು ಬರುವಷ್ಟರಲ್ಲಿ ಪೇಪರು ತಯಾರಾಗಿರುತ್ತಿತ್ತು.

ನನ್ನಾಕೆಗೆ ಇದು ಮೊದಲಿನಿಂದಲೂ ತಮಾಷೆ. ಕಾಫಿ ಲೋಟ ಹಿಡಿದು ಬಂದು, “ಏನ್ರೀ, ಇವತ್ತು ಎಷ್ಟು ಕಿಟಕಿ ಇಟ್ಟಿದೀರಿ?” ಎಂದು ಕೇಳುವಳು. ಪೇಪರನ್ನು ಮುಖದೆದುರು ಎತ್ತಿ ಹಿಡಿದು ತೂತಿನಿಂದ ನನ್ನನ್ನು ನೋಡುವಳು. “ಈ ಕಡೆ ಸಾಬೂನು ಹೋಯ್ತು, ಸರಿ. ಅದರ ಬೆನ್ನಿಗಿದ್ದ ಹವಾಮಾನ ವರದಿನೂ ಹೋಯ್ತಲ್ಲ! ನಾನೀಗ ಬಟ್ಟೆ ಒಗೀಲೋ ಬೇಡವೋ?” ನೀವು ನಗುತ್ತಿದ್ದೀರಿ. ನಾನು ಆಗ ನಗಲಿಲ್ಲ. ಮಗನ ಚಾರಿತ್ರ್ಯಕ್ಕಿಂತ ಬಟ್ಟೆ ದೊಡ್ಡದಾಯಿತೇ ಎಂದು ಕೇಳಿದ್ದೆ. ಆ ವಾಕ್ಯ ಪುಸ್ತಕದ ಒಂಬತ್ತನೆಯ ಪುಟದಲ್ಲಿದೆ.

ನನ್ನ ಕೈ ಅಚ್ಚುಕಟ್ಟು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಮುಂದಿನ ಮಾತಿಗೆ ಬೇಕಾಗಿರುವುದರಿಂದ ಹೇಳುತ್ತಿದ್ದೇನೆ. ಬೇಡವಾದದ್ದನ್ನಷ್ಟೇ ತೆಗೆಯುತ್ತಿದ್ದೆ, ಒಂದು ಎಳೆ ಹೆಚ್ಚಿಲ್ಲ. ಮುಖದಲ್ಲಿ ಅಶ್ಲೀಲವೇನಿದೆ? ಆದ್ದರಿಂದ ಮುಖ ಬಿಡುತ್ತಿದ್ದೆ. ಹೆಸರಿನಲ್ಲಿ ಅಶ್ಲೀಲವೇನಿದೆ? ಹೆಸರೂ ಬಿಡುತ್ತಿದ್ದೆ. ಒಮ್ಮೆ ಒಬ್ಬ ಈಜುಗಾರ್ತಿ ಯಾವುದೋ ದೊಡ್ಡ ಸ್ಪರ್ಧೆಯಲ್ಲಿ ಮೊದಲು ಬಂದಿದ್ದಳು. ಕೊಳದ ಅಂಚಿನಲ್ಲಿ ನಿಂತಿದ್ದ ಅವಳ ಚಿತ್ರ ಬಂದಿತ್ತು. ಕುತ್ತಿಗೆಯಿಂದ ಮಂಡಿಯವರೆಗೆ ತೆಗೆದೆ. ಪೇಪರಿನಲ್ಲಿ ಉಳಿದದ್ದು ನಗುವ ಒಂದು ಮುಖ, ಎರಡು ಒದ್ದೆ ಪಾದ, ಪಕ್ಕದಲ್ಲಿ ಅವಳು ಹೇಳಿದ ಮಾತು: ‘ನನಗೆ ಈಜು ಕಲಿಸಿದ್ದು ನಮ್ಮಮ್ಮ.’

ತೆಗೆದದ್ದನ್ನು ಏನು ಮಾಡುತ್ತಿದ್ದೆ?

ಈ ಪ್ರಶ್ನೆಯನ್ನು ಹನ್ನೆರಡು ವರ್ಷದಲ್ಲಿ ಯಾವ ಓದುಗರೂ ಕೇಳಲಿಲ್ಲ. ಪುಸ್ತಕದಲ್ಲೂ ಬರೆದಿಲ್ಲ. ಬೇರೆ ಯಾರಾದರೂ ಮುದ್ದೆ ಮಾಡಿ ಕಸಕ್ಕೆ ಹಾಕುತ್ತಿದ್ದರು, ಒಲೆಗೆ ಹಾಕುತ್ತಿದ್ದರು. ನಾನು ಗ್ರಂಥಪಾಲಕ. ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ: ಸಂಗ್ರಹದಿಂದ ತೆಗೆದ ಯಾವುದನ್ನೂ ಹಾಗೇ ಎಸೆಯುವಂತಿಲ್ಲ. ಯಾವಾಗ ತೆಗೆದೆವು, ಎಲ್ಲಿಂದ ತೆಗೆದೆವು, ಬರೆದು ಬೇರೆ ಇಡಬೇಕು. ಹಾಗಾಗಿ ಪ್ರತಿಯೊಂದು ತುಂಡಿನ ಹಿಂದೆಯೂ ಪೆನ್ಸಿಲಿನಲ್ಲಿ ತಾರೀಖು, ಪುಟದ ಸಂಖ್ಯೆ, ‘ತೆಗೆದಿದೆ’ ಎಂಬ ಪದ, ಕೆಳಗೆ ನನ್ನ ಚಿಕ್ಕ ಸಹಿ. ತಗಡಿನ ಬಿಸ್ಕತ್ತು ಡಬ್ಬಿಯೊಂದರಲ್ಲಿ ತಾರೀಖಿನ ಪ್ರಕಾರ ಜೋಡಿಸಿ ಅಲ್ಮೇರಾದ ಮೇಲೆ ಇಡುತ್ತಿದ್ದೆ. ತಿಂಗಳಿಗೊಮ್ಮೆ ಬಾಗಿಲು ಹಾಕಿಕೊಂಡು, ಕ್ರಮ ತಪ್ಪಿದೆಯೇ ಎಂದು ಎಲ್ಲವನ್ನೂ ತೆಗೆದು ನೋಡುತ್ತಿದ್ದೆ.

ಕ್ರಮ ಒಂದು ಸಲವೂ ತಪ್ಪಿರಲಿಲ್ಲ.

ಇದು ಕಾರ್ಡಿನಲ್ಲಿ ಇರಲಿಲ್ಲ. ಇರಲಿ.

ಶಾಲೆಯ ವಾರಪತ್ರಿಕೆಗಳಿಗೂ ಇದೇ ಪದ್ಧತಿ. ವರ್ಷದ ಕೊನೆಗೆ ಅವನ್ನೆಲ್ಲ ಸೇರಿಸಿ ಹೊಲಿದು ರಟ್ಟು ಹಾಕಲು ನಮ್ಮಲ್ಲಿ ಒಬ್ಬ ಬೈಂಡರ್ ಇದ್ದ. ಗ್ರಂಥಾಲಯದ ಹಿಂದಿನ ಕಿರುಕೋಣೆ ಅವನದು. ಹಳಬರಿಗೆ ನೆನಪಿರಬಹುದು: ಕಿವಿಯ ಹಿಂದೆ ಸೂಜಿ, ಉಗುರಿನ ಸಂದಿಯಲ್ಲಿ ಯಾವಾಗಲೂ ಒಣಗಿದ ಅಂಟು. ನನಗಿಂತ ಆರು ವರ್ಷ ದೊಡ್ಡವನು, ಆದರೂ ನನ್ನನ್ನು ‘ಸಾರ್’ ಎನ್ನುತ್ತಿದ್ದ. ನಾನು ಅವನನ್ನು ಏಕವಚನದಲ್ಲಿ ಕರೆಯುತ್ತಿದ್ದೆ. ಈಗಲೂ ಅದೇ ಬಾಯಿಗೆ ಬಂತು, ನೋಡಿ.

“ಸಾರ್, ಇಲ್ಲೊಂದು ಹಾಳೆ ಕಮ್ಮಿ ಇದೆ,” ಎಂದು ಹೇಳುವರು. “ಒಂದು ಹಾಳೆ ಹೋದ್ರೆ ಅದರ ಜೋಡಿ ಹಾಳೆ ಸಡಿಲ ಆಗತ್ತೆ. ಹೊಲಿಗೆ ಹಿಡಿಯಲ್ಲ.”

“ಬೇಡವಾಗಿತ್ತು, ತೆಗೆದೆ.”

“ತೆಗೀರಿ ಸಾರ್, ನಿಮ್ಮಿಷ್ಟ. ಒಂದು ಮಾತು ಹೇಳಿ ತೆಗೀರಿ. ಬದಲಿಗೆ ಖಾಲಿ ಹಾಳೆ ಹಾಕ್ತೀನಿ. ಓದೋ ಮಕ್ಕಳಿಗೆ ಇಲ್ಲಿ ಏನೋ ಇತ್ತು ಅಂತಾದ್ರೂ ಗೊತ್ತಾಗತ್ತೆ.”

ನಾನು ಕಿತ್ತ ಪ್ರತಿ ಹಾಳೆಗೂ ಅವರು ಅಳತೆ ನೋಡಿ ಒಂದು ಖಾಲಿ ಹಾಳೆ ಕತ್ತರಿಸಿ ಸೇರಿಸಿದ್ದಾರೆ. ಮೇಲಿನ ಮಹಡಿಯಲ್ಲಿ ಆ ಸಂಪುಟಗಳು ಈಗಲೂ ಇವೆ.

ಸಭಿಕರೇ, ವಿಷಯಕ್ಕೆ ಬರುತ್ತೇನೆ. ಕಾಲ ಬದಲಾಗಿದೆ. ನಾನು ಬ್ಲೇಡಿನಿಂದ ಕತ್ತರಿಸುತ್ತಿದ್ದುದು ಇವತ್ತಿನ ಮಗುವಿನ ಕೈಗೆ ಬರುವುದರ ಮುಂದೆ ಏನೂ ಅಲ್ಲ. ನಿಮ್ಮ ಆತಂಕವನ್ನು ನಾನು ಹಗುರ ಮಾಡುತ್ತಿಲ್ಲ. ಆ ಚಿತ್ರಗಳು ಕೆಟ್ಟವು ಎಂದು ಅಂದು ಬರೆದೆ, ಇಂದೂ ಹೇಳುತ್ತೇನೆ. ಯಾಕೆ ಕೆಟ್ಟವು ಎಂಬುದನ್ನು ಮಾತ್ರ ನಾನು ತಪ್ಪಾಗಿ ಬರೆದಿದ್ದೆ. ಮೈ ಕಾಣುತ್ತದೆ ಎಂದು ಬರೆದಿದ್ದೆ. ಮೈಯೊಂದೇ ಕಾಣುತ್ತದೆ, ಮನುಷ್ಯರು ಕಾಣುವುದಿಲ್ಲ ಎಂದು ಬರೆಯಬೇಕಿತ್ತು. ಮುಖವನ್ನೂ ಹೆಸರನ್ನೂ ಬೇರೆ ಮಾಡಿ, ಮೈಯನ್ನು ಮಾತ್ರ ಡಬ್ಬಿಯಲ್ಲಿ ಜೋಡಿಸಿಡುವ ಕೆಲಸ ಅದು. ಆ ಕೆಲಸವನ್ನು ನಮ್ಮ ಮನೆಯಲ್ಲಿ ಮಾಡುತ್ತಿದ್ದವರು ಯಾರು?

ಕಾರ್ಯದರ್ಶಿಯವರು ಈಗ ತಾನೇ ಹೇಳಿದರು, ತಮ್ಮ ಮನೆಯ ಎಲ್ಲ ಫೋನುಗಳಿಗೂ ಬೀಗ ಹಾಕಿಸಿದ್ದೇನೆ ಎಂದು. ಹಾಕಿಸಿ. ಬೀಗ ಬೇಡ ಎನ್ನುವಷ್ಟು ಧೈರ್ಯ ನನಗಿಲ್ಲ. ಕೇಳುವುದು ಒಂದೇ. ಆ ಬೀಗ ತಪ್ಪಿ ಮಗು ನೋಡಬಾರದ್ದನ್ನು ನೋಡಿದ ದಿನ, ಅದು ಯಾರ ಹತ್ತಿರ ಬರುತ್ತದೆ? ನಿಮ್ಮ ಹತ್ತಿರ ಬರುತ್ತದೆಯೇ? ಬಂದರೆ ಅದಕ್ಕೆ ಬಾಯಿ ತೆರೆಯಲು ಬಿಡುತ್ತೀರಾ?

ಕಳೆದ ತಿಂಗಳು ಮಗನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದೆವು. ಮೊಮ್ಮಗಳಿಗೆ ಹತ್ತು ವರ್ಷ. ಅನ್ನ ಕಲೆಸುತ್ತಲೇ ಹೇಳಿದಳು: “ಅಪ್ಪಾ, ಇವತ್ತು ಶಾಲೆ ಬಸ್ಸಲ್ಲಿ ಒಬ್ಬಳ ಫೋನಲ್ಲಿ ನಂಗೆ ಬೇಡದ್ದೊಂದು ಕಾಣಿಸ್ತು. ಬಟ್ಟೆ ಇಲ್ಲದವರದು.”

ನನ್ನ ಬಾಯಿಂದ ತಾನಾಗಿಯೇ ಬಂತು: “ಛೀ! ಊಟದ ಹೊತ್ತಲ್ಲಿ ಇದೇನು ಮಾತು? ಎದ್ದು ಬಾಯಿ ತೊಳ್ಕೊಂಡು ಬಾ.”

ಹುಡುಗಿಯ ಕೈ ತಟ್ಟೆಯ ಮೇಲೆ ಹಾಗೇ ನಿಂತಿತು. ಮಗ ಊಟ ನಿಲ್ಲಿಸಲಿಲ್ಲ. “ಅಪ್ಪಾ, ನೀನು ಸ್ವಲ್ಪ ಹೊತ್ತು ಆಚೆ ಕೂತ್ಕೋ,” ಎಂದ. ಆಮೇಲೆ ಅವಳ ಕಡೆ ತಿರುಗಿ, “ಹೇಳು ಪುಟ್ಟಿ. ನೋಡಿ ಹೆದರಿಕೆ ಆಯ್ತಾ?” ಎಂದು ಕೇಳಿದ.

ನಾನು ತಟ್ಟೆ ಹಿಡಿದುಕೊಂಡು ವರಾಂಡಕ್ಕೆ ಹೋದೆ. ಒಳಗಿನ ಮಾತು ಕೇಳಿಸುತ್ತಿತ್ತು. ಕಾಲು ಗಂಟೆ ಮಾತಾಡಿದರು. ಮೊದಲು ಹುಡುಗಿ ಅತ್ತಳು, ಕೊನೆಗೆ ಮೊಸರು ಕೇಳಿದಳು. ಅಷ್ಟೇ. ನಲವತ್ತೆಂಟು ಪುಟದ ನನ್ನ ಪುಸ್ತಕದಲ್ಲಿ ಆ ಕಾಲು ಗಂಟೆಯ ಒಂದು ಮಾತೂ ಇಲ್ಲ.

ಮಗ ಹೊರಗೆ ಬಂದಾಗ ಕೇಳಿದೆ. “ಇಷ್ಟು ಸಲೀಸಾಗಿ ಮಾತಾಡೋದು ಎಲ್ಲಿ ಕಲಿತೆಯೋ?” ನನ್ನಿಂದ ಎನ್ನುತ್ತಾನೆ ಎಂದುಕೊಂಡಿದ್ದೆನೋ ಏನೋ.

“ಬೈಂಡರ್ ಮಾಮನ ಹತ್ತಿರ,” ಎಂದ.

ಕಾರ್ಯದರ್ಶಿಯವರು ಚೀಟಿ ಕಳಿಸಿದ್ದಾರೆ, ‘ಎರಡು ನಿಮಿಷ’ ಅಂತ. ಸಾರ್, ಇಪ್ಪತ್ತಾರು ವರ್ಷ ತಡವಾಗಿದೆ. ಎರಡು ನಿಮಿಷದಲ್ಲಿ ಆಗುವುದಿಲ್ಲ. ಏಳನೆಯ ಕಾರ್ಡು ಇದು.

ನನ್ನ ಮಗ ಆಗ ಇದೇ ಶಾಲೆಯಲ್ಲಿ ಎಂಟನೆಯ ತರಗತಿ. ಅವನ ಭೂಗೋಳ ಪುಸ್ತಕದ ನಡುವೆ ಒಂದು ಚಿತ್ರ ಸಿಕ್ಕಿತು. ನಾಲ್ಕು ಹುಡುಗರು ಅದನ್ನು ಸುತ್ತುಗಟ್ಟಿ ಕಿಸಕ್ಕನೆ ನಗುತ್ತಿದ್ದಾಗ ಮೇಷ್ಟರು ಹಿಡಿದರು. ನನ್ನನ್ನು ಮುಖ್ಯೋಪಾಧ್ಯಾಯಿನಿಯವರ ಕೋಣೆಗೆ ಕರೆಸಿದರು. ಅಧ್ಯಕ್ಷರೇ, ಆ ಕೋಣೆ ನಿಮ್ಮದು. ಹಸಿರು ಗಾಜು ಹಾಸಿದ ಮೇಜು. ಗಾಜಿನ ಮೇಲೆ ಕುತ್ತಿಗೆಯಿಂದ ಮಂಡಿಯವರೆಗಿನ ಒಂದು ಮೈ. ಅಂಚಿನ ಕತ್ತರಿಕೆ ನೋಡಿದ ಕೂಡಲೇ ಯಾರ ಕೈಯೆಂದು ನನಗೆ ಗೊತ್ತಾಯಿತು. ಬ್ಲೇಡು ಭುಜದ ಹತ್ತಿರ ಒಂದಿಷ್ಟೂ ಅಲುಗಿರಲಿಲ್ಲ.

“ಇದು ಎಲ್ಲಿಂದ ಬಂತು?” ಎಂದು ನೀವು ಕೇಳಿದಿರಿ.

ಮಗ ನನ್ನ ಮುಖ ನೋಡಿದ. ಹದಿಮೂರು ವರ್ಷದ ಹುಡುಗ. ಅವನ ಬಾಯಿ ಇನ್ನೇನು ತೆರೆಯಿತು ಎನ್ನುವಷ್ಟರಲ್ಲಿ ನಾನು ಹೇಳಿದೆ: “ಬೈಂಡಿಂಗ್ ಕೋಣೆಯಲ್ಲಿ ಹಳೇ ಪತ್ರಿಕೆಗಳು ರಾಶಿ ಬಿದ್ದಿರುತ್ತವೆ ಮೇಡಂ.”

ನಾನು ಸುಳ್ಳು ಹೇಳಲಿಲ್ಲ. ಬೈಂಡಿಂಗ್ ಕೋಣೆಯಲ್ಲಿ ಹಳೇ ಪತ್ರಿಕೆಗಳು ರಾಶಿ ಬಿದ್ದಿರುತ್ತಿದ್ದವು. ಇಪ್ಪತ್ತಾರು ವರ್ಷ ನಾನು ಇದನ್ನೇ ನನಗೆ ಹೇಳಿಕೊಂಡಿದ್ದೇನೆ: ನಾನು ಸುಳ್ಳು ಹೇಳಲಿಲ್ಲ. ಆ ಒಂದು ವಾಕ್ಯವನ್ನೂ ಅಳತೆಪಟ್ಟಿ ಇಟ್ಟೇ ಕತ್ತರಿಸಿದ್ದೆ, ಬೇಕಾದದ್ದಷ್ಟೇ, ಒಂದು ಎಳೆ ಹೆಚ್ಚಿಲ್ಲ.

ಬೈಂಡರನ್ನು ಕರೆಸಿದಿರಿ. ಕೈಯಲ್ಲಿ ಹಸಿ ಅಂಟು, ಒರೆಸಿಕೊಳ್ಳಲು ಬಟ್ಟೆ ಹುಡುಕುತ್ತಲೇ ಒಳಗೆ ಬಂದರು. ಚಿತ್ರ ನೋಡಿದರು, ಹುಡುಗನನ್ನು ನೋಡಿದರು, ನನ್ನನ್ನು ನೋಡಿದರು. ಹದಿನಾಲ್ಕು ವರ್ಷ ನಾನು ಕಿತ್ತ ಹಾಳೆಗಳ ಅಂಚನ್ನು ಹೊಲಿದವರು. ಅವರಿಗಿಂತ ಚೆನ್ನಾಗಿ ಆ ಬ್ಲೇಡಿನ ಕೆಲಸ ಬಲ್ಲವರು ಯಾರು?

“ನಾನು ಹಾಳೆ ಸೇರಿಸೋನು ಮೇಡಂ, ಕೀಳೋನಲ್ಲ,” ಎಂದರು. ಅಷ್ಟೇ ಹೇಳಿದರು. ಅಷ್ಟು ಸಾಲಲಿಲ್ಲ. ಆ ವಾರವೇ ಅವರ ಕೆಲಸ ಹೋಯಿತು. ಮಕ್ಕಳ ಕೈಗೆ ಹೊಲಸು ಚಿತ್ರ ಕೊಡುತ್ತಿದ್ದವನು ಎಂಬ ಹೆಸರು ಮಾತ್ರ ಹೋಗಲಿಲ್ಲ. ಅದು ಅವರಿಗಿಂತ ಮೊದಲೇ ಓಡಿ ಹೋಗಿ ಬೇರೆ ಎಲ್ಲ ಶಾಲೆಗಳ ಬಾಗಿಲಲ್ಲಿ ಕಾದು ಕೂತಿತ್ತು.

ಬೀಗದ ಕೈ ಕೊಡಲು ಬಂದ ದಿನ ಅವರು ಹೇಳಿದ್ದು ಒಂದೇ ಮಾತು. “ಹುಡುಗ ಎದುರಿಗಿದ್ದ ಸಾರ್. ಅದಕ್ಕೇ ಬಾಯಿ ಬಿಡಲಿಲ್ಲ. ಅಪ್ಪನ್ನ ಹಾಗೆ ನೋಡಬಾರದು ಮಕ್ಕಳು.”

ನಾನು ಬೀಗದ ಕೈ ತೆಗೆದುಕೊಂಡೆ. ಒಪ್ಪಿಸಿದ್ದಕ್ಕೆ ಅವರಿಂದ ಸಹಿ ಹಾಕಿಸಿಕೊಂಡೆ.

ಮಗನಿಗೆ ಮನೆಯಲ್ಲಿ ಏನು ಹೇಳಿದೆ? ಏನೂ ಹೇಳಲಿಲ್ಲ. ಆ ಸಂಜೆ ಡಬ್ಬಿಯನ್ನು ಅಲ್ಮೇರಾದ ಮೇಲಿಂದ ಇಳಿಸಿ, ಒಳಗಿಟ್ಟು ಬೀಗ ಹಾಕಿದೆ. ಅವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವತ್ತಿನಿಂದ ಅವನು ನನ್ನ ಹತ್ತಿರ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ತಪ್ಪು ತಿದ್ದಿಕೊಂಡ, ಶುಚಿಯಾದ ಎಂದು ನಾನು ತಿಳಿದೆ. ದುಡಿದ, ಮದುವೆಯಾದ, ಯಾರ ಬಾಯಲ್ಲೂ ಕೆಟ್ಟವನೆನಿಸಿಕೊಳ್ಳಲಿಲ್ಲ. ‘ಈ ಪದ್ಧತಿಗೆ ನನ್ನ ಮಗನೇ ಸಾಕ್ಷಿ’ ಎಂದು ಪುಸ್ತಕದ ನಲವತ್ತೊಂದನೆಯ ಪುಟದಲ್ಲಿ ಬರೆದೆ. ಸಾಕ್ಷಿ ಹೌದು. ಯಾವುದಕ್ಕೆ ಎಂಬುದನ್ನು ಅವನನ್ನು ಕೇಳಲಿಲ್ಲ.

ವರಾಂಡದಲ್ಲಿ ಅವನು ಉಳಿದದ್ದನ್ನು ಹೇಳಿದ. ಕೆಲಸ ಹೋದ ಮೇಲೆ ಬೈಂಡರ್ ಒಂದು ಅಚ್ಚುಕೂಟದ ಮೆಟ್ಟಿಲ ಕೆಳಗೆ ಜಾಗ ಹಿಡಿದಿದ್ದರು. ನನ್ನ ಮಗ ಶಾಲೆಯಿಂದ ನೇರ ಅಲ್ಲಿಗೆ ಹೋಗಿ ನಿಂತುಕೊಳ್ಳುತ್ತಿದ್ದನಂತೆ. ಕ್ಷಮಿಸಿ ಎನ್ನಲು ಹೋದವನು ಬಾಯಿ ಬಾರದೆ ನಿಂತುಬಿಡುತ್ತಿದ್ದ. ಐದನೆಯ ದಿನ ಅವರೇ ಕೇಳಿದರಂತೆ: “ಏನೋ, ದಿನಾ ಬಂದು ಗೋಡೆಗೆ ಒರಗ್ತೀಯ, ಗೋಡೆ ಏನು ಬೀಳತ್ತಾ? ಕೂತ್ಕೋ. ದಾರ ಹಿಡಿ.”

ದಾರ ಹಿಡಿದು ಕೂತವನನ್ನು ಅವರು ಕೇಳಿದರು. “ಆ ಚಿತ್ರದಲ್ಲಿ ಯಾರಿದ್ರು?”

“ಒಬ್ಬರು ಹೆಂಗಸು.”

“ಹೆಸರೇನು?”

“ಗೊತ್ತಿಲ್ಲ ಮಾಮ.”

“ಗೊತ್ತಿರಲ್ಲ. ಹೆಸರಿರೋ ಕಡೆ ಬಿಟ್ಟು ಕತ್ತರಿಸಿದಾರೆ. ನೋಡು, ನೋಡಬೇಕು ಅನ್ನಿಸೋದು ತಪ್ಪಲ್ಲ ಕಣೋ. ನಿನ್ನ ವಯಸ್ಸಲ್ಲಿ ನಂಗೂ ಅನ್ನಿಸ್ತಿತ್ತು. ಆದ್ರೆ ಅವರಿಗೂ ಒಂದು ತಲೆ ಇದೆ, ತಲೆಯೊಳಗೆ ಒಂದು ಮಾತಿದೆ. ಅದನ್ನ ಬಿಟ್ಟು ನೋಡಿದ್ರೆ ನೀನು ನೋಡಿದ್ದು ಮನುಷ್ಯರನ್ನಲ್ಲ, ಹಾಳೆನ. ಇನ್ನೊಂದು ಸಲ ಅಂಥದ್ದು ಕಣ್ಣಿಗೆ ಬಿದ್ರೆ ಒಳಗೊಳಗೇ ಇಟ್ಕೊಂಡು ಬೇಯಬೇಡ, ಬಂದು ಹೇಳು. ನಂಗೇನು, ಹೊಲೀತಾ ಕೇಳ್ತೀನಿ.”

ನಾಲ್ಕು ವರ್ಷ ಹೋಗಿ ಹೇಳಿದನಂತೆ. ನನ್ನ ಮಗನ ಶೀಲ ನಮ್ಮ ಮನೆಯಲ್ಲಿ ಬೆಳೆದದ್ದಲ್ಲ, ಒಂದು ಮೆಟ್ಟಿಲ ಕೆಳಗೆ ಬೆಳೆದದ್ದು. ಬೆಳೆಸಿದವರ ಅನ್ನವನ್ನು ನಾನು ಕಿತ್ತುಕೊಂಡಿದ್ದೆ.

ಬೈಂಡರ್ ಈ ವರ್ಷದ ಮೊದಲಲ್ಲೇ ತೀರಿಕೊಂಡರು. ಹೆಗಲು ಕೊಟ್ಟವರಲ್ಲಿ ನನ್ನ ಮಗ ಒಬ್ಬ. ನನಗೆ ಹೇಳಿರಲಿಲ್ಲ.

ಸನ್ಮಾನದ ಸುದ್ದಿ ತಿಳಿದಾಗ ಅವನು ಫೋನಿನಲ್ಲಿ ಹೇಳಿದ್ದು ಇಷ್ಟು: “ಅಪ್ಪಾ, ನಿನ್ನ ಪುಸ್ತಕ ನನ್ನ ಮಗಳ ಕೈಗೆ ಬರೋದು ಬೇಡ. ನೀನು ಬರಬಹುದು. ಆದ್ರೆ ಆ ಸಭೇಲಿ ಆ ಒಂದು ಮಾತು ಹೇಳಿ ಬಾ. ಹೇಳದೆ ಬಂದ್ರೆ ಅವಳ ಮುಂದೆ ನಿನ್ನನ್ನ ಏನಂತ ಕೂರಿಸ್ಕೊಳ್ಳಲಿ?”

ಆದ್ದರಿಂದ ಹೇಳಿದ್ದೇನೆ. ಇದು ಧೈರ್ಯ ಎಂದುಕೊಳ್ಳಬೇಡಿ. ಮೊಮ್ಮಗಳ ಪಕ್ಕದ ಕುರ್ಚಿಗಾಗಿ ಹೇಳಿದ್ದೇನೆ. ಅದೂ ಕೇಳಬೇಕಾದವರು ಇಲ್ಲದ ಮೇಲೆ. ನನ್ನಾಕೆ ಬೆಳಿಗ್ಗೆಯೇ ಮಗನ ಮನೆಗೆ ಹೊರಟುಹೋದಳು. “ನೀವು ಮಾತಾಡಿದ್ರೆ ನಂಗೆ ಗೊತ್ತಾಗತ್ತೆ,” ಎಂದಳು. “ಬಾಗಿಲು ತಟ್ಟೋ ರೀತೀಲೇ ಗೊತ್ತಾಗತ್ತೆ.”

ಒಂದೇ ಒಂದು ಮಾತು ಉಳಿದಿದೆ. ಇದು ಕಾರ್ಡಿನಲ್ಲಿಲ್ಲ. ಇಲ್ಲಿ ನಿಂತು ಮಾತಾಡುತ್ತಿರುವಾಗ ಹೊಳೆದದ್ದು.

ಅಧ್ಯಕ್ಷರೇ, ಅವತ್ತು ಬೈಂಡರನ್ನು ಕರೆಸುವ ಮೊದಲು ನೀವು ಆ ಚಿತ್ರವನ್ನು ಎತ್ತಿಕೊಂಡಿರಿ. ತಿರುಗಿಸಿದಿರಿ. ಹಿಂಬದಿಯನ್ನು ನೋಡಿದಿರಿ. ಮತ್ತೆ ತಿರುಗಿಸಿ ಗಾಜಿನ ಮೇಲಿಟ್ಟಿರಿ. ಆಮೇಲೆ, ಆಮೇಲೆ, ಇದು ಎಲ್ಲಿಂದ ಬಂತು ಎಂದು ಕೇಳಿದಿರಿ. ಹುಡುಗನ ಕಡೆ ನೋಡಿ ಕೇಳಲಿಲ್ಲ, ನನ್ನ ಕಡೆ ನೋಡಿ ಕೇಳಿದಿರಿ. ಪ್ರತಿ ತಿಂಗಳೂ ಗ್ರಂಥಾಲಯದ ವರದಿಗೆ ನನ್ನ ಸಹಿಯ ಪಕ್ಕದಲ್ಲೇ ನಿಮ್ಮ ಸಹಿ ಹಾಕುತ್ತಿದ್ದಿರಿ. ಆ ಅಕ್ಷರ ನಿಮಗೆ ಗೊತ್ತಿರಲಿಲ್ಲವೇ? ನೀವು ಉತ್ತರಕ್ಕಾಗಿ ಕೇಳಿದಿರಿ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ತಪ್ಪಿಸಿಕೊಳ್ಳಲು ನನಗೆ ದಾರಿ ಬಿಟ್ಟಿರಿ ಎಂದು ಈಗ ಅನ್ನಿಸುತ್ತದೆ. ಶಾಲೆಗೆ ಗ್ರಂಥಪಾಲಕ ಬೇಕಿತ್ತು, ಬೈಂಡರ್ ಇಲ್ಲದಿದ್ದರೂ ನಡೆಯುತ್ತಿತ್ತು.

ಎಲ್ಲ ಮುಗಿದ ಮೇಲೆ ಅದನ್ನು ನನ್ನ ಕೈಗೆ ಕೊಟ್ಟು, “ಇದನ್ನು ನೀವೇ ಹಾಳು ಮಾಡಿಬಿಡಿ,” ಎಂದಿರಿ. ನಾನು ಮಾಡಲಿಲ್ಲ ಮೇಡಂ. ಮನೆಗೆ ಒಯ್ದು ಡಬ್ಬಿಯಲ್ಲಿ ಅದರ ತಾರೀಖಿನ ಜಾಗದಲ್ಲೇ ಇಟ್ಟೆ. ಉಳಿದದ್ದನ್ನೆಲ್ಲ ನಿನ್ನೆ ಸುಟ್ಟೆ. ಇದೊಂದನ್ನು ಜೇಬಿನಲ್ಲಿ ತಂದಿದ್ದೇನೆ. ಇಗೋ, ನಿಮ್ಮ ಮುಂದೆ ಇಡುತ್ತಿದ್ದೇನೆ. ಚಿತ್ರ ಕೆಳಗೆ, ಬರಹ ಮೇಲೆ. ಪೆನ್ಸಿಲು ಸ್ವಲ್ಪ ಮಾಸಿದೆ, ಓದಬಹುದು. ತಾರೀಖು, ಪುಟ, ‘ತೆಗೆದಿದೆ’, ನನ್ನ ಸಹಿ. ನನ್ನ ನಂತರ ಮಾತಾಡುವವರು ನೀವು. ಮೈಕು ಇಲ್ಲೇ ಇದೆ.

ಸಭಿಕರೇ, ಮೇಜಿನ ಮೇಲಿನ ಪುಸ್ತಕವನ್ನು ಒಯ್ಯುವುದಾದರೆ ಒಯ್ಯಿರಿ. ನಲವತ್ತೊಂದನೆಯ ಪುಟವನ್ನು ಎಲ್ಲ ಪ್ರತಿಗಳಿಂದಲೂ ಕಿತ್ತುಹಾಕೋಣ ಎಂದು ಬ್ಲೇಡು ಹಿಡಿದು ಎರಡು ದಿನ ಕೂತಿದ್ದೆ. ಆಮೇಲೆ ಬಿಟ್ಟೆ. ಕೀಳುವ ಕೆಲಸ ಸಾಕು. ಪ್ರತಿ ಪ್ರತಿಯಲ್ಲೂ ಆ ಪುಟದ ಎದುರಿಗೆ ಅಳತೆ ನೋಡಿ ಒಂದು ಖಾಲಿ ಹಾಳೆ ಅಂಟಿಸಿದ್ದೇನೆ. ನನಗೆ ಆ ಕೆಲಸ ಬಾರದು, ಕೆಲವು ಸೊಟ್ಟಗೆ ಕೂತಿವೆ. ನಿಮ್ಮ ಮಕ್ಕಳು ಇದೇನು ಎಂದು ಕೇಳಿದರೆ, ಬಾಯಿ ತೊಳೆದುಕೊಂಡು ಬಾ ಎನ್ನಬೇಡಿ. ಇಲ್ಲೊಬ್ಬರ ಹೆಸರು ಇರಬೇಕಿತ್ತು ಎಂದು ಹೇಳಿ.

ಕರೆದು ಕೂರಿಸಿದ ಸಂಘಕ್ಕೆ, ಎದ್ದುಹೋಗದೆ ಉಳಿದ ಹಿಂದಿನ ಸಾಲಿಗೆ, ನನ್ನ ಮಗನಿಗೆ ದಾರ ಹಿಡಿಯಲು ಕೊಟ್ಟವರಿಗೆ, ಕೃತಜ್ಞತೆಗಳು. ಹೂಗುಚ್ಛವನ್ನೂ ಚೌಕಟ್ಟು ಹಾಕಿಸಿದ ಸನ್ಮಾನಪತ್ರವನ್ನೂ ಇಲ್ಲೇ ಬಿಟ್ಟು ಹೋಗುತ್ತಿದ್ದೇನೆ. ಬಾಗಿಲು ತಟ್ಟಲು ಕೈ ಖಾಲಿ ಇರಬೇಕು.

ನಮಸ್ಕಾರ.